ದೋಣಿ ಹುಡುಗಿಯ ಮುಖ

'ದೋಣಿ ಹುಡುಗಿ' ಧಾರಾವಾಹಿಯ ನಾಲ್ಕನೇ ಭಾಗ ಯಾಕೆ ನಿಂತಿತು ಎಂಬುದು ಊರಿಗೆಲ್ಲ ಗೊತ್ತು. ಕಥೆ ಬರೆಯುವವರಿಗೂ ನಿರ್ದೇಶಕರಿಗೂ ಮಾತುಕತೆ ಇಲ್ಲವಂತೆ. ಹುಡುಗಿಗೆ ದನಿ ಕೊಡುವವಳು ಮದುವೆಯಾಗಿ ಹೋದಳಂತೆ. ಕೊನೆಯಲ್ಲಿ ಹುಡುಗಿಯನ್ನು ಸಾಯಿಸಬೇಕೋ ಬದುಕಿಸಬೇಕೋ ಇನ್ನೂ ತೀರ್ಮಾನವಾಗಿಲ್ಲವಂತೆ. ಮೊನ್ನೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಗೆಳತಿಗೆ, "ಸೋಮಾರಿಗಳು ಕಣೇ, ಹೆಸರು ಬಂದ್ಮೇಲೆ ಮೈ ಬಗ್ಗಲ್ಲ" ಎಂದು ತೀರ್ಪು ಕೊಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ತಿರುಗಿ ನಾಲ್ಕು ಮಾತಿನಲ್ಲಿ ಬಿಸಿ ಮುಟ್ಟಿಸೋಣ ಎಂದುಕೊಂಡೆ. ಆದರೆ ಏನಂತ ಹೇಳಲಿ? ನನ್ನ ನಿಲ್ದಾಣ ಬಂತು, ಇಳಿದೆ.

ನಾನು ಆ ಸ್ಟುಡಿಯೋದಲ್ಲಿ ಬಣ್ಣ ತುಂಬುವವಳು. ನನ್ನ ಅಕ್ಕ ಅಲ್ಲಿ ಚಿತ್ರ ತಿದ್ದುವವಳು. ಆನಿಮೇಷನ್ ಅಂದರೆ ಕಂಪ್ಯೂಟರಿನ ಗುಂಡಿ ಒತ್ತಿ ಕೂರುವುದು ಎಂದುಕೊಂಡವರು ಒಂದು ದಿನ ಬಂದು ನೋಡಬೇಕು. ನಮ್ಮಲ್ಲಿ ಈಗಲೂ ಪೆನ್ಸಿಲಿನಲ್ಲೇ ಬರೆಯುತ್ತಾರೆ. ಹುಡುಗಿ ಒಮ್ಮೆ ತಲೆ ಎತ್ತಿ ನೋಡಬೇಕಾದರೆ ಹಾಳೆಯ ಮೇಲೆ ಹಾಳೆ ಬೇಕು, ಒಂದೊಂದು ಹಾಳೆ ಒಬ್ಬೊಬ್ಬರ ಕೈಯದು. ಕೈ ಬೇರೆಯಾದರೆ ಮುಖವೂ ಬೇರೆಯಾಗುತ್ತದೆ. ಆ ಹಾಳೆಗಳನ್ನು ಅಡಿಯಲ್ಲಿ ದೀಪವಿರುವ ಗಾಜಿನ ಮೇಜಿನ ಮೇಲಿಟ್ಟು, ಮೇಲೊಂದು ತೆಳ್ಳನೆ ಹಳದಿ ಹಾಳೆ ಹಾಸಿ, ಎಲ್ಲರ ಹುಡುಗಿಯರನ್ನೂ ಒಬ್ಬಳೇ ಹುಡುಗಿಯನ್ನಾಗಿ ಮಾಡುವುದು ಅಕ್ಕನ ಕೆಲಸ.

ಎರಡನೇ ಭಾಗದ ಹೊತ್ತಿಗೆ ಕೆಲಸ ಕುತ್ತಿಗೆಗೆ ಬಂದಿತ್ತು. ಆಗ ಅಕ್ಕನೇ ಹೇಳಿದಳು: "ನೀವು ಬರೆಯೋದು, ನಾನು ಅಳಿಸೋದು, ಯಾಕೆ ಬೇಕು ಈ ಉಪದ್ವ್ಯಾಪ? ಮುಖ ಖಾಲಿ ಬಿಡಿ. ನಾನೇ ತುಂಬ್ಕೋತೀನಿ." ಅವಸರ ಕಳೆಯುವವರೆಗೆ ಎಂದು ಶುರುವಾದದ್ದು ಹಾಗೇ ರೂಢಿಯಾಯಿತು. ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುತ್ತಿದ್ದದ್ದೇ ಅದು: ಜಡೆ, ಕೈ, ದೋಣಿಯ ಹುಟ್ಟು, ನೀರು ಎಲ್ಲ ನಿಮ್ಮದು, ಮುಖದ ಜಾಗದಲ್ಲಿ ಬರೀ ಮೊಟ್ಟೆ. ಬೆಳಿಗ್ಗೆ ಕಟ್ಟು ತಂದು ಮೇಜಿನ ಮೇಲಿಡುವವರು, "ಅಕ್ಕಾ, ಇವತ್ತಿನ ಮೊಟ್ಟೆ" ಎನ್ನುತ್ತಿದ್ದರು. "ಕಾವು ಕೊಡೋಕೆ ನಾನೊಬ್ಬಳು ಸಿಕ್ಕಿದೀನಿ ನಿಮಗೆ" ಎಂದು ಅಕ್ಕ ಗೊಣಗುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಇಡೀ ಸ್ಟುಡಿಯೋದಲ್ಲಿ ಆ ಮುಖ ಬರೆಯಬಲ್ಲ ಕೈ ಒಂದೇ ಒಂದು ಉಳಿದಿದೆ ಎಂಬುದು ಯಾರ ತಲೆಗೂ ಹೋಗಲಿಲ್ಲ. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡಿದ್ದೆವು, ಆಗ ಅದು ಅನುಕೂಲದ ಹಾಗೆ ಕಂಡಿತ್ತು.

ಮೂರನೇ ಭಾಗ ಮುಗಿದು ನಾಲ್ಕನೆಯದಕ್ಕೆ ಕೈಹಾಕಿದ್ದಷ್ಟೇ, ಅಕ್ಕ ಹಲ್ಲುಜ್ಜುತ್ತಿದ್ದವಳು ಬಚ್ಚಲಲ್ಲಿ ಕುಸಿದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆದರೆ ಅವಳು ಆಸ್ಪತ್ರೆಯಿಂದ ತನ್ನ ಕಾಲ ಮೇಲೇ ನಡೆದು ಬಂದಳು. ಮಾತು ಮೊದಲಿನ ಹಾಗೇ ಚುರುಕು, ಕೈಯಲ್ಲಿ ನಡುಕವಿಲ್ಲ. ದೊಡ್ಡ ಗಂಡಾಂತರ ಕಳೆಯಿತು ಎಂದು ನಾನು ನಿಟ್ಟುಸಿರುಬಿಟ್ಟೆ. ನಿರ್ದೇಶಕರಂತೂ, ನಾವೆಲ್ಲ ಅವರನ್ನು ದೊಡ್ಡಣ್ಣ ಎನ್ನುತ್ತೇವೆ, ಅವಳ ಕುರ್ಚಿಗೆ ಹೊಸ ದಿಂಬು ತಂದು ಹಾಕಿಸಿದರು.

ಅವಳು ತಿದ್ದಿದ ಮೊದಲ ಕಟ್ಟು ಬಣ್ಣಕ್ಕೆಂದು ನನ್ನ ಮೇಜಿಗೆ ಬಂತು. ಗೆರೆಗಳು ಎಷ್ಟು ಚೊಕ್ಕ ಎಂದರೆ, ಕಾಯಿಲೆ ಬಿದ್ದವಳ ಕೈ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಕಣ್ಣು ಚೆನ್ನಾಗಿತ್ತು, ಮೂಗು ಚೆನ್ನಾಗಿತ್ತು. ಆದರೆ ಅದು ನಮ್ಮ ಹುಡುಗಿಯಲ್ಲ. ಮುಂದಿನ ಹಾಳೆಯಲ್ಲಿ ಬೇರೊಬ್ಬಳಿದ್ದಳು, ಅದರ ಮುಂದಿನದರಲ್ಲಿ ಇನ್ನೊಬ್ಬಳು. ಕಟ್ಟನ್ನು ಕೈಯಲ್ಲಿ ಹಿಡಿದು, ಚಿತ್ರ ಓಡುವ ಹಾಗೆ ಹಾಳೆಗಳ ಅಂಚನ್ನು ಹೆಬ್ಬೆರಳಿನಿಂದ ಸರಸರ ಬಿಟ್ಟೆ. ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದವಳು ತಲೆ ಎತ್ತುವಷ್ಟರಲ್ಲಿ ಎಷ್ಟೋ ಜನ ಹೆಂಗಸರಾಗಿ ಹೋದಳು. ಅಷ್ಟರಲ್ಲಿ ಅಕ್ಕ ಬಂದು ನನ್ನ ಕೈಯಿಂದ ಕಟ್ಟು ತೆಗೆದುಕೊಂಡು ತಾನೂ ಬಿಟ್ಟು ನೋಡಿದಳು. "ಪರವಾಗಿಲ್ಲ ಕಣೇ, ಕೈ ತಪ್ಪಿಲ್ಲ" ಎಂದು ಸಮಾಧಾನಪಟ್ಟಳು.

ಮರೆಯಲ್ಲಿ ಡಾಕ್ಟರನ್ನು ಕೇಳಿದೆ. ಮುಖಗಳ ಗುರುತು ಹಿಡಿಯುವ ಜಾಗಕ್ಕೆ ಪೆಟ್ಟಾಗಿದೆ ಎಂದರು. ಕಣ್ಣು, ಮೂಗು ಬಿಡಿಬಿಡಿಯಾಗಿ ಕಾಣುತ್ತದೆ, ಸೇರಿಸಿದರೆ ಯಾರೆಂದು ತಿಳಿಯುವುದಿಲ್ಲ. ಮನೆಯಲ್ಲಿ ನಮ್ಮ ಬಟ್ಟೆ, ನಡಿಗೆ ನೋಡಿ ಹೇಗೋ ನಿಭಾಯಿಸುತ್ತಿದ್ದಳು, ಅದು ಅವಳಿಗೂ ಗೊತ್ತಾಗಿರಲಿಲ್ಲ. "ಸರಿಹೋಗುತ್ತಾ?" ಎಂದೆ. "ಹೋದ್ರೂ ಹೋಗಬಹುದು" ಎಂದರು. ಆ ಮಾತನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಸ್ಟುಡಿಯೋದಲ್ಲಿ ವಿಷಯ ಎಲ್ಲರಿಗೂ ತಿಳಿಯಿತು, ಆದರೆ ಯಾರೂ ಅವಳಿಗೆ ಹೇಳಲಿಲ್ಲ. ಮೊಟ್ಟೆಗಳು ಅವಳ ಮೇಜಿಗೆ ಹೋಗುತ್ತಲೇ ಇದ್ದವು, ಅವಳು ತುಂಬಿಕೊಟ್ಟದ್ದೆಲ್ಲ ನೇರ ಬೀರುವಿಗೆ ಸೇರುತ್ತಿತ್ತು. ಅತ್ತ ಉಳಿದವರೆಲ್ಲ ಹಳೆಯ ಹಾಳೆಗಳನ್ನು ಮುಂದಿಟ್ಟುಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದರು. ನಕಲು ಮಾಡಿದರೆ ದೋಣಿ ಹುಡುಗಿಯೇ ಬರುತ್ತಿದ್ದಳು. ತಲೆ ಸ್ವಲ್ಪ ಹೊರಳಿಸಿ, ಹೊಸದೊಂದು ದುಃಖ ಕೊಟ್ಟು ಬರೆಯಿರಿ ಎಂದರೆ ಅವಳ ದೂರದ ನೆಂಟರ ಹುಡುಗಿ ಯಾರೋ ಬಂದು ಕೂರುತ್ತಿದ್ದಳು. ಕೊನೆಗೆ ದೊಡ್ಡಣ್ಣ ಕೈಚೆಲ್ಲಿದರು. "ನಿಲ್ಲಿಸೋದೊಂದೇ ದಾರಿ ಕಣಮ್ಮ. ಆದ್ರೆ ನಿಮ್ಮಕ್ಕನಿಗೆ ಹೇಳದೆ ಹೇಗೆ ನಿಲ್ಲಿಸ್ಲಿ? ನನ್ನ ಕೈಲಂತೂ ಆಗಲ್ಲ. ನೀನು ಒಡಹುಟ್ಟಿದವಳು, ನೀನೇ ಹೇಳು." ದೊಡ್ಡ ಮನುಷ್ಯರು ಹೀಗೇ, ಕಷ್ಟದ ಮಾತು ಬಂದಾಗ ಅವರಿಗೆ ಸಂಬಂಧಗಳು ನೆನಪಾಗುತ್ತವೆ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಹೇಳಿದೆ. ಹಿಂದೆಮುಂದೆ ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ಅವಳ ಹಳೆಯದೊಂದು ಹಾಳೆ, ನಿನ್ನೆಯದೊಂದು, ಎರಡನ್ನೂ ಬೆಳಕಿನ ಮೇಲೆ ಪಕ್ಕಪಕ್ಕ ಇಟ್ಟೆ. ಅಕ್ಕ ಬಹಳ ಹೊತ್ತು ನೋಡಿದಳು.

"ಎರಡೂ ಅವಳೇ ಅಲ್ವೇನೇ?"

"ಅಲ್ಲ ಅಕ್ಕ."

ಅವಳು ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಒರೆಸುತ್ತಲೇ ಇದ್ದಳು. "ಕನ್ನಡಿ ಮುಂದೆ ನಿಂತ್ರೆ ಒಂಥರಾ ಆಗ್ತಿತ್ತು. ನಿದ್ದೆ ಸಾಲ್ತಿಲ್ಲ ಅಂದ್ಕೊಂಡಿದ್ದೆ" ಎಂದಳು. ಆಮೇಲೆ ಕನ್ನಡಕ ಹಾಕಿಕೊಂಡು ಹೊಸ ಹಳದಿ ಹಾಳೆ ಎಳೆದುಕೊಂಡಳು. "ಸರಿ. ನನಗೆ ಕಾಣಲ್ಲ, ನಿನಗೆ ಕಾಣುತ್ತೆ. ಎಷ್ಟು ವರ್ಷದಿಂದ ಅವಳ ಕೆನ್ನೆಗೆ ಬಣ್ಣ ತುಂಬ್ತಿದೀಯ. ನೀನು ನೋಡಿ ಹೇಳು, ನಾನು ಬರೀತೀನಿ. ಎಲ್ಲಿ ತಪ್ಪಿದೆ?"

ನಾನು ಬಗ್ಗಿ ನೋಡಿದೆ. ತಪ್ಪಿರುವುದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ಎಲ್ಲಿ ಎಂದು ಮಾತ್ರ ತಿಳಿಯಲಿಲ್ಲ. "ಕಣ್ಣು ಸ್ವಲ್ಪ ಮೇಲೆ" ಎಂದೆ. ಬರೆದಳು.

"ಈಗ?"

"ಇಲ್ಲ. ಗಲ್ಲ ಚಿಕ್ಕದು ಮಾಡು."

"ಈಗ?"

"ಇಲ್ಲ ಅಕ್ಕ."

"ಹುಬ್ಬು ನೋಡೇ, ಹುಬ್ಬು."

ಹುಬ್ಬೇ ಇರಬಹುದು ಎಂದೆ. ಹುಬ್ಬೂ ಅಲ್ಲ. ರಬ್ಬರಿನ ಪುಡಿ ಮೇಜಿನ ತುಂಬ ಆಯಿತು. ಆ ಮುಖವನ್ನು ನಾನು ನನ್ನ ಮಕ್ಕಳ ಮುಖಕ್ಕಿಂತ ಹೆಚ್ಚು ನೋಡಿದ್ದೇನೆ, ಕಣ್ಣು ಮುಚ್ಚಿದರೆ ಎದುರಿಗೆ ಬಂದು ನಿಲ್ಲುತ್ತದೆ, ಆದರೂ ಅದರ ಬಗ್ಗೆ ಬಾಯಲ್ಲಿ ಒಂದು ಮಾತು ಹೇಳಲಾರದೆ ಹೋದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅಕ್ಕ ಎಳೆದ ಗೆರೆಯಲ್ಲಿ ಒಂದೇ ಒಂದು ಅಲುಗಾಟವಿಲ್ಲ, ಕೈ ಅಷ್ಟು ಚೆನ್ನಾಗಿದೆ, ಅದಕ್ಕೆ ದಾರಿ ತೋರಿಸಲು ನನಗೆ ಯೋಗ್ಯತೆಯಿಲ್ಲ. ಅವಳ ಹಣೆಯಲ್ಲಿ ಬೆವರು ಒಡೆದಿತ್ತು.

"ಈಗ?"

"ಹೂಂ ಅಕ್ಕ," ಎಂದುಬಿಟ್ಟೆ. "ಬಂದ್ಲು. ಇವಳೇ."

ಅಕ್ಕ ತಲೆ ಎತ್ತಲಿಲ್ಲ. ಪೆನ್ಸಿಲು ಹಾಳೆಯ ಮೇಲೆ ಹಾಗೇ ನಿಂತಿತು.

"ಸುಳ್ಳು ಹೇಳುವಾಗ ನಿನ್ನ ದನಿ ಸಣ್ಣಗಾಗುತ್ತೆ" ಎಂದಳು. "ಹುಟ್ಟಿದಾಗಿನಿಂದ ಕೇಳಿದೀನಿ."

ಪೆನ್ಸಿಲನ್ನು ಅಡ್ಡ ಮಲಗಿಸಿದಳು. ಊಟ ಮುಗಿಸಿ ಬರುವವರ ಮಾತು ಮೆಟ್ಟಿಲ ಮೇಲೆ ಕೇಳುತ್ತಿತ್ತು. "ಅವರು ಬರೋಷ್ಟರಲ್ಲಿ ದೊಡ್ಡಣ್ಣನ ಹತ್ರ ಹೋಗಿ ಬಾ. ನಿಲ್ಲಿಸೋಕೆ ನಾನೇ ಹೇಳ್ದೆ ಅನ್ನು."

ನಾನು ಎದ್ದೆ. ಅವಳು ಹಳದಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಚೆನ್ನಾಗಾದ್ರೂ ಇದ್ದಾಳಾ?"

"ಚೆನ್ನಾಗಿದ್ದಾಳೆ ಅಕ್ಕ." ಅದು ನಿಜವಾಗಿತ್ತು.

"ಯಾರೋ ಪಾಪ," ಎಂದಳು.