ವ್ಯಾನಕ್ಕ ಹತ್ತಿದ ಏರು

ಕೊನೆಯ ಕ್ಲಿಪ್ಪು ಕೂರುತ್ತಿರಲಿಲ್ಲ. ದರ್ಜಿ ಎರಡೂ ಹೆಬ್ಬೆರಳು ಜೋಡಿಸಿ, ತುಟಿ ಕಚ್ಚಿ, ಮೈಭಾರವನ್ನೆಲ್ಲ ಅದರ ಮೇಲೆ ಹೇರಿದರು. ಟಕ್ ಎಂದಿತು. ವ್ಯಾನಿನ ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದ ತಲೆಯನ್ನು ಹೊರಗೆ ತೆಗೆದು, ಯಾರಾದರೂ ನೋಡಿಬಿಟ್ಟರೋ ಏನೋ ಎಂದು ಸುತ್ತ ಕಣ್ಣಾಡಿಸಿದರು. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ನಡುಮನೆಯಲ್ಲಿ ಹೆಂಡತಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿಟ್ಟು ಈ ಮನುಷ್ಯ ಇದೇನು ರಿಪೇರಿಗೆ ಇಳಿದಿದ್ದಾನೆ ಎಂದು ಕೆಲವರ ಮುಖ. ಪಾಪ, ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದು ಉಳಿದವರದು.

ಮಗಳು ಮೆಟ್ಟಿಲಿಳಿದು ಬಂದಳು.

"ಅಪ್ಪಾ, ಏನ್ಮಾಡ್ತಿದೀರಾ?"

"ಏರ್ ಫಿಲ್ಟರ್ ಹಾಕ್ದೆ."

"ನೀವಾ?"

"ಯಾಕೆ, ನಾನು ಹಾಕ್ಬಾರ್ದಾ? ನಿಮ್ಮಮ್ಮನೇ ತಂದಿಟ್ಟಿದ್ಲು. ಭಾನುವಾರ ಹಾಕ್ತೀನಿ, ಹಳೇದ್ರಲ್ಲಿ ವ್ಯಾನು ಏರು ಹತ್ತೋಕೆ ಒದ್ದಾಡ್ತಿದೆ ಅಂತಿದ್ಲು. ಭಾನುವಾರ ಬರೋದ್ರೊಳಗೆ ಹೀಗಾಯ್ತು."

ಆ ವ್ಯಾನನ್ನು ಅಮ್ಮನ ಹೊರತು ಯಾರೂ ಬಿಚ್ಚಿದ್ದನ್ನು ಮಗಳು ಕಂಡಿರಲಿಲ್ಲ. ಅಪ್ಪನಂತೂ ಅದರ ಹತ್ತಿರ ಸುಳಿದವರೇ ಅಲ್ಲ. ಕೈಗೆ ಮಸಿ ಹತ್ತಿದರೆ ಗಿರಾಕಿಗಳ ಬಟ್ಟೆಯ ಗತಿಯೇನು ಎಂಬ ಭಯ.

ಆದರೆ ಇವತ್ತಿನ ಮಾತೇ ಬೇರೆ. ಸ್ಮಶಾನವಿದ್ದದ್ದು ಊರ ತುದಿಯ ದಿಬ್ಬದ ಮೇಲೆ. ಅಲ್ಲಿಗೆ ಹೋಗುವ ರಸ್ತೆಯನ್ನು ಊರವರು ಬರೀ ಏರು ಎನ್ನುತ್ತಿದ್ದರು, ಬೇರೆ ಹೆಸರು ಅದಕ್ಕೆ ಬೇಕಾಗಿಯೂ ಇರಲಿಲ್ಲ. ನನ್ನನ್ನು ನನ್ನ ವ್ಯಾನಲ್ಲೇ ಕಳಿಸಿ ಎಂದು ಹೆಂಡತಿ ಆಸ್ಪತ್ರೆಯ ಮಂಚದಲ್ಲಿ ಕೇಳಿದ್ದಳು. ಆಗಲಿ ಎಂದು ದರ್ಜಿ ಮಾತು ಕೊಟ್ಟಿದ್ದರು. ಬದುಕಿನುದ್ದಕ್ಕೂ ಆಕೆ ಅವರನ್ನು ಏನನ್ನಾದರೂ ಕೇಳಿದ್ದೇ ಕಡಿಮೆ.

ಹೊಸ ಫಿಲ್ಟರು ತೆಳ್ಳನೆಯ ಪ್ಲಾಸ್ಟಿಕ್ ಕವರಿನಲ್ಲಿತ್ತು. ಒಳಗೆ ಬಿಳಿ ಕಾಗದದ ಮಡಿಕೆಗಳು, ಹೆಣ್ಣುಮಕ್ಕಳ ಸ್ಕರ್ಟಿಗೆ ಇಸ್ತ್ರಿ ಹಾಕಿ ಕೂರಿಸಿದ ನೆರಿಗೆಗಳಂತೆ ಒಂದೇ ಅಳತೆಯವು. ದರ್ಜಿಗೆ ಅದನ್ನು ಕಂಡು ಗೌರವ ಹುಟ್ಟಿತ್ತು. ಹೊಲಿದ ಬಟ್ಟೆಯನ್ನು ಅವರು ಕವರಿಲ್ಲದೆ ಯಾರ ಕೈಗೂ ಕೊಟ್ಟವರಲ್ಲ. ಇಷ್ಟು ಚೆಂದದ ನೆರಿಗೆಗೆ ಧೂಳು ಹಿಡಿಯಬಾರದೆಂದು ಕವರಿನ ಒಂದು ತುದಿಯನ್ನಷ್ಟೇ ಕತ್ತರಿಸಿ, ಕವರಿನ ಸಮೇತ ಒಳಗೆ ಕೂರಿಸಿದ್ದರು. ಧೂಳು ಹಿಡಿಯುವುದೇ ಅದರ ಕೆಲಸ ಎಂದು ಪಾಪ ಅವರಿಗೆ ಹೊಳೆದಿರಲಿಲ್ಲ.

"ಭಾವ," ಎಂದು ಕರೆಯುತ್ತ ಸತ್ತವಳ ಅಣ್ಣ ಗೇಟು ತಳ್ಳಿಕೊಂಡು ಬಂದರು. ಸಿಮೆಂಟ್ ಅಂಗಡಿಯವರು, ದೊಡ್ಡ ಆಳು, ದೊಡ್ಡ ಗಂಟಲು. "ನೋಡಿ, ಮನಸ್ಸಿಗೆ ಹಚ್ಕೋಬೇಡಿ. ಈ ಡಬ್ಬ ಏರಲ್ಲಿ ಕೈ ಕೊಟ್ರೆ ಮರ್ಯಾದೆ ಹೋಗತ್ತೆ. ಅದಕ್ಕೇ ಬಾಡಿಗೆಗೆ ಒಂದು ಗಾಡಿ ಹೇಳಿದೀನಿ. ಬಿಳೀದು, ಗಾಜಿನ ಕಿಟಕಿ. ನಿಮ್ಮ ಹಿಂದೇನೇ ಬರತ್ತೆ."

"ಬರ್ಲಿ. ಖಾಲಿ ಬರ್ಲಿ, ಖಾಲಿ ಹೋಗ್ಲಿ," ಎಂದರು ದರ್ಜಿ.

* * *

ಅಣ್ಣ ಆ ವ್ಯಾನನ್ನು ಡಬ್ಬ ಎಂದದ್ದು ಅದೇ ಮೊದಲಲ್ಲ. ತಂಗಿ ಅದನ್ನು ಗುಜರಿಯ ಹೊಸ್ತಿಲಿಂದ ಎಳೆದು ತಂದ ದಿನವೂ ಹಾಗೇ ಅಂದಿದ್ದರು.

"ನಿನಗೇನು ಹುಚ್ಚಾ? ಬೇಕರಿ ಬ್ರೆಡ್ ಸಾಗಿಸೋಕೆ ಗಂಡಸರಿಲ್ವಾ?"

"ಇದಾರೆ. ಬೆಳಿಗ್ಗೆ ಏಳಲ್ಲ," ಎಂದಿದ್ದಳು ಅವಳು.

ಅಂದಿನಿಂದ ಊರು ಕಣ್ಣುಜ್ಜುವ ಮೊದಲೇ ಬೆಚ್ಚಗಿನ ಬ್ರೆಡ್ಡು ಅಂಗಡಿಗಳ ಬಾಗಿಲಲ್ಲಿರುತ್ತಿತ್ತು. ಜನ ಅವಳ ಹೆಸರನ್ನು ಮರೆತೇಬಿಟ್ಟರು. ದೊಡ್ಡವರು ಚಿಕ್ಕವರು ಎಲ್ಲರಿಗೂ ಅವಳು ವ್ಯಾನಕ್ಕ. ಅಣ್ಣನ ಬಾಯಲ್ಲಿ ಮಾತ್ರ ಅದು ಡಬ್ಬವಾಗಿಯೇ ಉಳಿಯಿತು. ಅವರ ಮನೆಗೂ ದಿನಾ ಬ್ರೆಡ್ಡು ಹೋಗುತ್ತಿತ್ತು ಅನ್ನುವುದು ಬೇರೆ ವಿಷಯ.

* * *

ಪೆಟ್ಟಿಗೆಯನ್ನು ಬ್ರೆಡ್ಡಿನ ಟ್ರೇಗಳಿರುತ್ತಿದ್ದ ಜಾಗದಲ್ಲಿಟ್ಟರು. ಮಗಳು ಸ್ಟೇರಿಂಗ್ ಹಿಡಿದಳು, ದರ್ಜಿ ಪಕ್ಕದಲ್ಲಿ ಕೂತರು. ಹಿಂದೆ ಬಿಳಿ ಗಾಡಿ, ಅದರ ಮುಂದಿನ ಸೀಟಿನಲ್ಲಿ ಅಣ್ಣ. ಅದರ ಹಿಂದೆ ಬೇಕರಿಯವರು, ಅಂಗಡಿಯವರು, ನೆರೆಹೊರೆ, ಎಲ್ಲ ಕಾಲ್ನಡಿಗೆ. ಸಮತಟ್ಟು ರಸ್ತೆಯಲ್ಲಿ ವ್ಯಾನು ತಕರಾರಿಲ್ಲದೆ ಮೆಲ್ಲಗೆ ಸಾಗಿತು. ದರ್ಜಿಯ ಎದೆ ಉಬ್ಬಿತು. ತಾನು ಹಾಕಿದ ಫಿಲ್ಟರು, ಒಳಗೆ ಅವಳು.

ಏರು ಶುರುವಾದದ್ದೇ ವ್ಯಾನು ತಿಣುಕತೊಡಗಿತು. ಮಗಳು ಗೇರು ಇಳಿಸಿ ಪೆಡಲು ಒತ್ತಿದಳು. ಒತ್ತಿದಷ್ಟೂ ಅದು ಸೊರಗಿತು. ಕಪ್ಪು ಹೊಗೆ ಉಗುಳಿತು. ನಡುತಿರುವಿನಲ್ಲಿ ಒಮ್ಮೆ ಮೈ ಕೊಡವಿ ನಿಂತುಬಿಟ್ಟಿತು. ಆಮೇಲೆ ಜಪ್ಪಯ್ಯ ಎಂದರೂ ಮುಂದಕ್ಕೆ ಹೋಗದು.

"ಅಪ್ಪಾ, ಎಳೀತಾನೇ ಇಲ್ಲ." ಮಗಳು ಬ್ರೇಕನ್ನು ಬಲವಾಗಿ ಒತ್ತಿ ಹಿಡಿದಳು. "ಮೊನ್ನೆವರೆಗೂ ಹೇಗೋ ಹತ್ತುತ್ತಿತ್ತು."

ಅಣ್ಣ ಇಳಿದು ಬಂದರು. "ನಾನು ಹೇಳ್ಲಿಲ್ವಾ?" ಎಂದರು, ಆದರೆ ದನಿ ತಗ್ಗಿಸಿ. "ಏಳಿ ಭಾವ. ಇದರಲ್ಲಿ ನಿಮ್ಮ ತಪ್ಪೇನಿಲ್ಲ. ಆ ಗಾಡಿಗೆ ಹಾಕೋಣ."

ಬಿಳಿ ಗಾಡಿಯವನು ಹಿಂಬಾಗಿಲು ತೆರೆದು ನಿಂತಿದ್ದ. ದರ್ಜಿ ಇಳಿದು ಬಾನೆಟ್ಟಿನ ಮುಂದೆ ಬಂದು ನಿಂತರು. ಅವಳು ಕೇಳಿದ್ದು ಒಂದು, ಅದೂ ಅರ್ಧ ದಾರಿಯಲ್ಲಿ ಕೈಬಿಡುತ್ತಿದೆ. ಮೊನ್ನೆವರೆಗೆ ಹತ್ತುತ್ತಿದ್ದ ವ್ಯಾನು ಇವತ್ತು ಹತ್ತುತ್ತಿಲ್ಲ ಎಂದರೆ, ಮೊನ್ನೆಗೂ ಇವತ್ತಿಗೂ ನಡುವೆ ಅದಕ್ಕೆ ಕೈ ಹಾಕಿದವರು ಒಬ್ಬರೇ.

* * *

ವರ್ಷಕ್ಕೊಮ್ಮೆ ವ್ಯಾನಕ್ಕ ಅಂಗಳದಲ್ಲಿ ಬಾನೆಟ್ಟು ಎತ್ತುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಲಿಪ್ಪುಗಳನ್ನು ಪಟಪಟ ಬಿಚ್ಚಿ, ಹಳೇ ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡುವಳು. ದರ್ಜಿ ಕಿಟಕಿಯ ಒಳಗೆ ಮಿಷನ್ನು ತುಳಿಯುತ್ತ ನಗುವರು.

"ಒಂದು ಕಾಗದದ ತುಂಡಿಗೆ ಇಷ್ಟು ಸೇವೆನಾ?"

ಒಮ್ಮೆ ಅವಳು ಸೀದಾ ಒಳಗೆ ಬಂದಳು. ಅಳತೆ ಕೊಡಲು ಬಂದಿದ್ದ ಗಿರಾಕಿಯ ಎದುರಿಗೇ, ಮಸಿ ಮೆತ್ತಿದ ಬೆರಳುಗಳಿಂದ ಗಂಡನ ಮೂಗನ್ನು ಗಟ್ಟಿಯಾಗಿ ಹಿಡಿದಳು.

"ಈಗ ಬಾಯೀನೂ ಮುಚ್ಕೊಂಡು ಏರು ಹತ್ತಿ ನೋಡೋಣ."

ದರ್ಜಿ ಕಣ್ಣು ಕಣ್ಣು ಬಿಟ್ಟರು.

"ಆಗಲ್ವಲ್ಲ? ಅದಕ್ಕೂ ಅಷ್ಟೇ ಕಣ್ರೀ. ಡೀಸೆಲ್ ಎಷ್ಟು ಕುಡಿಸಿದ್ರೂ ಉಸಿರಿಲ್ದೆ ಇದ್ರೆ ಕಾಲು ಏಳಲ್ಲ."

ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ದರ್ಜಿ ಅಂದು ಇಡೀ ಮಧ್ಯಾಹ್ನ ಮೂಗಿನ ಮೇಲೆ ಕಪ್ಪು ಗುರುತು ಇಟ್ಟುಕೊಂಡೇ ಹೊಲಿದಿದ್ದರು. ಯಾರೂ ಹೇಳಲಿಲ್ಲ, ಎಲ್ಲರೂ ನೋಡಿದರು.

* * *

ಏರಿನ ನಡುವೆ, ಬಾನೆಟ್ಟಿನ ಮುಂದೆ ನಿಂತ ದರ್ಜಿ ಇದ್ದಕ್ಕಿದ್ದಂತೆ ನಕ್ಕರು. ಸಣ್ಣ ನಗೆಯಲ್ಲ, ಭುಜ ಕುಣಿಯುವಷ್ಟು. ಹಿಂದಿನವರು ಮುಖ ಮುಖ ನೋಡಿಕೊಂಡರು. ಬೇಕರಿಯ ಯಜಮಾನರು ಹಿಡಿದುಕೊಳ್ಳಲು ಮುಂದೆ ಬಂದರು.

"ಏನಾಗಿಲ್ಲ ನನಗೆ," ಎಂದರು ದರ್ಜಿ ಕಣ್ಣೊರೆಸಿಕೊಳ್ಳುತ್ತ. "ಫಿಲ್ಟರಿನ ಕವರ್ ತೆಗೀದೆ ಹಾಕಿದೀನಿ ಕಣ್ರೀ. ಹೊಸ ಅಂಗಿ ಅಂದ್ಕೊಂಡೆ. ನಾನೇ ಅದರ ಮೂಗು ಮುಚ್ಚಿದೀನಿ."

"ಬಿಡಿ ಅಪ್ಪಾ, ನಾನು ತೆಗೀತೀನಿ," ಎಂದು ಮಗಳು ಕಿಟಕಿಯಿಂದ ಕೂಗಿದಳು.

"ನೀನು ಬ್ರೇಕಿನಿಂದ ಕಾಲು ತೆಗೀಬೇಡ. ಎಂಜಿನ್ ಆಫ್ ಮಾಡು. ಹಾಕಿದೋನು ನಾನು, ನಾನೇ ತೆಗೀತೀನಿ." ಆಮೇಲೆ ಹೆಂಡತಿಯ ಅಣ್ಣನ ಕಡೆ ತಿರುಗಿದರು. "ಚಕ್ರಕ್ಕೆ ಒಂದು ಕಲ್ಲು ಕೊಡಿ."

ಅಷ್ಟು ವರ್ಷಗಳಲ್ಲಿ ದರ್ಜಿ ಅವರಿಗೆ ಒಂದು ಕೆಲಸ ಹೇಳಿದ್ದು ಅದೇ ಮೊದಲು. ಅಣ್ಣ ಬಾಯಿ ತೆರೆದರು, ಮುಚ್ಚಿದರು, ಇಸ್ತ್ರಿಯ ಪ್ಯಾಂಟಿನಲ್ಲೇ ಬಗ್ಗಿ ರಸ್ತೆಬದಿಯ ಕಲ್ಲೊಂದನ್ನು ಎತ್ತಿ ತಂದು ಹಿಂದಿನ ಚಕ್ರಕ್ಕೆ ಒತ್ತಿದರು.

ಬಾನೆಟ್ಟು ಎತ್ತಿದಾಗ ಬಿಸಿ ಮುಖಕ್ಕೆ ಬಡಿಯಿತು. ದರ್ಜಿ ಕ್ಲಿಪ್ಪುಗಳನ್ನು ಬಿಚ್ಚಿದರು. ಈ ಸಲ ಯಾರಾದರೂ ನೋಡುತ್ತಾರೆಂಬ ಯೋಚನೆಯೇ ಬರಲಿಲ್ಲ. ಮುಚ್ಚಳ ತೆಗೆದರೆ, ಗಾಳಿಯ ಸೆಳೆತಕ್ಕೆ ಕವರು ಮಡಿಕೆಗಳಿಗೆ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡಿತ್ತು. ಅದನ್ನು ಸರ್ರನೆ ಸೀಳಿ ತೆಗೆದರು. ಫಿಲ್ಟರನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ನೆರಿಗೆ ನೆರಿಗೆಯೂ ಬೆಳಗುತ್ತಿತ್ತು. ಒಳಗೆ ಕೂರಿಸಿ, ಅಂಚು ಎಲ್ಲ ಕಡೆ ಒಂದೇ ಸಮ ಕೂತಿದೆಯೇ ಎಂದು ಕಾಲರಿನ ಅಂಚನ್ನು ಸವರುವಂತೆ ಬೆರಳಾಡಿಸಿ, ಮುಚ್ಚಳ ಹಾಕಿದರು. ಕ್ಲಿಪ್ಪುಗಳು ಒಂದರ ಹಿಂದೆ ಒಂದು ತಾವಾಗಿಯೇ ಕೂತವು.

"ಹೊಡಿ ಮಗಾ," ಎಂದರು, ಹತ್ತಿ ಕೂತು.

ಎಂಜಿನ್ನು ಹೊತ್ತಿಕೊಂಡಿತು. ಮಗಳು ಪೆಡಲು ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ, ಮತ್ತೆ ವ್ಯಾನು ದೊಡ್ಡದಾಗಿ ಉಸಿರೆಳೆದುಕೊಂಡಿತು. ಮೂತಿ ಮೇಲೆತ್ತಿ ಹೊರಟಿತು. ತಿರುವು ದಾಟಿತು. ಕಡಿದಾದ ಜಾಗವನ್ನೂ ದಾಟಿತು. ಮಗಳು ಅಳುತ್ತಲೇ ನಗುತ್ತಿದ್ದಳು. "ಅಮ್ಮನ ಕಾಲದಲ್ಲೂ ಹೀಗೆ ಹತ್ತಿರ್ಲಿಲ್ಲ ಅಪ್ಪಾ."

"ಹೇಳ್ಬೇಡ, ಹಿಂದೇನೇ ಇದಾಳೆ," ಎಂದರು ದರ್ಜಿ. ಅವರಿಗೆ ಇಷ್ಟು ಸಂತೋಷ ಈ ದಿನ ಹೇಗೆ ಬಂತು ಎಂದು ತಿಳಿಯಲಿಲ್ಲ, ಬಂದದ್ದನ್ನು ಮುಚ್ಚಿಡಲೂ ಇಲ್ಲ.

ಕನ್ನಡಿಯಲ್ಲಿ ನೋಡಿದರೆ ಹಿಂದಿನವರೆಲ್ಲ ಓಡುತ್ತಿದ್ದರು. ವ್ಯಾನಕ್ಕನನ್ನು ಬಿಟ್ಟು ಹಿಂದುಳಿಯಲು ಯಾರಿಗೂ ಮನಸ್ಸಿರಲಿಲ್ಲ. ಎಲ್ಲರಿಗಿಂತ ಮುಂದೆ ಅಣ್ಣ, ಗಾಜಿನ ಗಾಡಿಯನ್ನು ಮರೆತು, ಚಕ್ರದಡಿಯಿಂದ ತೆಗೆದ ಕಲ್ಲನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ಏದುಸಿರು ಬಿಡುತ್ತ ಓಡಿಬರುತ್ತಿದ್ದರು.

ಮೇಲೆ, ಸ್ಮಶಾನದ ಗೇಟಿನ ಬಳಿ ಮಗಳು ಕೀಲಿಗೆ ಕೈ ಹಾಕಿದಳು. "ಆಫ್ ಮಾಡ್ಲಾ?"

"ಬೇಡ. ಓಡ್ತಾ ಇರ್ಲಿ."

ಪೆಟ್ಟಿಗೆಯನ್ನು ಇಳಿಸಿದರು. ತಲೆಯ ಭಾಗಕ್ಕೆ ಅಣ್ಣ ಹೆಗಲು ಕೊಟ್ಟರು. ದರ್ಜಿ ಮಸಿ ಹತ್ತಿದ ಕೈಯಿಂದಲೇ ಮೊದಲ ಹಿಡಿ ಮಣ್ಣು ಹಾಕಿದರು, ಆಮೇಲೆ ಮಗಳು, ಆಮೇಲೆ ಒಬ್ಬೊಬ್ಬರಾಗಿ ಊರಿನವರು. ಗೇಟಿನ ಹೊರಗೆ, ಬಾಗಿಲು ತೆರೆದುಕೊಂಡು, ಸೀಟಿನಲ್ಲಿ ಯಾರೂ ಇಲ್ಲದೆ, ವ್ಯಾನು ಒಂದೇ ಸಮನೆ ಉಸಿರಾಡುತ್ತ ನಿಂತಿತ್ತು.