ಮನಸ್ಸು ಬದಲಾಯಿಸಿದವರು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಫಾರಮ್ಮ ಎಂದೇ ಕರೆಯುತ್ತಿದ್ದರು. ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಕೂತು ಆರೋಗ್ಯ ಇಲಾಖೆಯ ಅರ್ಜಿ ಫಾರಂಗಳನ್ನೆಲ್ಲ ಕಂಪ್ಯೂಟರಿನಲ್ಲಿ ತಯಾರಿಸುವುದು ಅವಳ ಕೆಲಸ. ಮೊದಮೊದಲು ಬರೀ ಗೆರೆ, ಚೌಕ, ಖಾಲಿ ಜಾಗ. ಆಮೇಲೆ ಪಿಡಿಎಫ್ ಫಾರಂಗಳ ಒಳಗೆ ಪುಟ್ಟ ಸ್ಕ್ರಿಪ್ಟುಗಳನ್ನು ಬರೆಯುವುದನ್ನು ತಾನೇ ಕೂತು ಕಲಿತಳು. ಅರ್ಜಿದಾರ ಒಂದು ಉತ್ತರ ಒತ್ತಿದರೆ ಅದಕ್ಕೆ ತಕ್ಕ ಪ್ರಶ್ನೆಗಳು ತೆರೆದುಕೊಳ್ಳಬೇಕು, ಇನ್ನೊಂದು ಒತ್ತಿದರೆ ಮರೆಯಾಗಬೇಕು. ಬೇಡದ್ದನ್ನೆಲ್ಲ ಕೇಳಿ ಕಷ್ಟದಲ್ಲಿರುವ ಜನರ ತಲೆ ತಿನ್ನಬಾರದು ಎನ್ನುವುದು ಅವಳ ಹಟ. ಅವಳ ಫಾರಂ ಬಂದ ಮೇಲೆ ಕೌಂಟರಿನ ಮುಂದಿನ ಸಾಲು ಅರ್ಧಕ್ಕರ್ಧ ಕರಗಿತ್ತು. ಆ ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು.

ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೌಂಟರಿನ ಗುಮಾಸ್ತ ಫೋನ್ ಮಾಡಿದ.

"ಫಾರಮ್ಮ, ಸ್ವಲ್ಪ ಕೆಳಗೆ ಬನ್ನಿ. ಇಲ್ಲೊಬ್ಬರು ಒಂದು ಗಂಟೆಯಿಂದ ಕದಲ್ತಾ ಇಲ್ಲ. ಕೂಗಾಡಿದ್ರೆ ನಾನೇ ನೋಡ್ಕೊಳ್ತಿದ್ದೆ. ಸುಮ್ನೆ ನಿಂತಿದ್ದಾರೆ, ಅದೇ ಕಷ್ಟ."

ಕೌಂಟರಿನ ಬಳಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಒಂದು ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು. ದೂರದ ಊರಿನ ಚಪ್ಪಲಿ ಅಂಗಡಿಯೊಂದರಲ್ಲಿ ಮಾರಾಟದ ಕೆಲಸ ಮಾಡುವವಳಂತೆ. ಅವಳ ನಡುವಿನ ಅಣ್ಣ ಇದೇ ಊರಿನಲ್ಲಿ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಆರು ವರ್ಷದ ಹಿಂದೆ ಕೆಲಸದಲ್ಲಿರುವಾಗ ಬಿದ್ದು, ಬೆನ್ನುಮೂಳೆ ಮುರಿದು, ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಅತ್ತಿಗೆ ಅವನನ್ನು ಮಗುವಿನಂತೆ ನೋಡಿಕೊಂಡಿದ್ದಳು. ಆ ಅತ್ತಿಗೆಯೇ ಎರಡೂವರೆ ತಿಂಗಳ ಹಿಂದೆ ಬಟ್ಟೆ ಒಣಹಾಕುತ್ತಿದ್ದವಳು ಕುಸಿದು ಬಿದ್ದು ತೀರಿಕೊಂಡಳು. ತಂಗಿ ಬಂದು ಹದಿನೈದು ದಿನ ಇದ್ದು, ಮನೆಗೆ ಬಂದು ಶುಶ್ರೂಷೆ ಮಾಡುವ ನರ್ಸಿಗಾಗಿ ಇಲಾಖೆಗೆ ಅರ್ಜಿ ಹಾಕಿ ಹೋಗಿದ್ದಳು. ಒಂಟಿಯಾಗಿರುವ ರೋಗಿಗೆ ಮೂರು ದಿನದೊಳಗೆ ನರ್ಸ್ ಬರಬೇಕು ಎಂಬುದು ನಿಯಮ. ಐದು ವಾರವಾದರೂ ಯಾರೂ ಬರಲಿಲ್ಲ. ಪಕ್ಕದ ಮನೆಯಾಕೆ ಮಧ್ಯಾಹ್ನ ಒಂದು ಹೊತ್ತು ಊಟ ಕೊಟ್ಟು ಹೋಗುತ್ತಿದ್ದಳು. ಹೊರಳಿಸುವವರಿಲ್ಲದೆ ಬೆನ್ನೆಲ್ಲ ಹುಣ್ಣಾಗಿ, ಹುಣ್ಣು ಕೊಳೆತು, ನಂಜು ರಕ್ತಕ್ಕೇರಿ ಆಸ್ಪತ್ರೆಯಲ್ಲಿ ಮೂರನೆಯ ದಿನಕ್ಕೆ ಪ್ರಾಣ ಹೋಯಿತು.

"ನನಗೆ ಜಗಳ ಬೇಡ," ಎಂದಳು ತಂಗಿ. "ಫಾರಂ ತುಂಬಿದ್ದು ನಾನು. ನನ್ನದೇ ತಪ್ಪಾ ಅಂತ ಗೊತ್ತಾಗ್ಬೇಕು, ಅಷ್ಟೇ. ನಿಮ್ಮ ದಾಖಲೆಯಲ್ಲಿ 'ಸಾಮಾನ್ಯ' ಅಂತ ಇದೆಯಂತೆ. ಸಾಮಾನ್ಯದವರಿಗೆ ಮೂರು ತಿಂಗಳು ಕಾಯಬೇಕಂತೆ. ನಾನು ಹಾಗೆಲ್ಲೂ ಗುರುತು ಹಾಕಿಲ್ಲ."

ಫಾರಮ್ಮ ಅವಳ ಕೈಯಲ್ಲಿದ್ದ ಪ್ರತಿಯನ್ನು ತೆಗೆದುಕೊಂಡಳು. 'ರೋಗಿಯ ಜೊತೆ ಮನೆಯಲ್ಲಿ ಯಾರಾದರೂ ಇದ್ದಾರೆಯೇ?' ಎಂಬುದರ ಎದುರು 'ಇಲ್ಲ' ಎಂದಿತ್ತು. ಕೆಳಗಿನ ಐದು ಪ್ರಶ್ನೆಗಳಿಗೂ ಉತ್ತರವಿತ್ತು. ತಾನಾಗಿ ಹೊರಳಬಲ್ಲರೇ? ಇಲ್ಲ. ಹುಣ್ಣಾಗಿದೆಯೇ? ಶುರುವಾಗಿದೆ.

"ಎಲ್ಲ ಸರಿಯಾಗೇ ಇದೆಯಲ್ಲ," ಎಂದಳು.

"ಒಂದು ಸಲ ತಪ್ಪು ಒತ್ತಿದ್ದೆ. ಆಗ ನಾನು ಅವನ ಜೊತೇಲೇ ಇದ್ನಲ್ಲ, ಅದಕ್ಕೇ 'ಇದ್ದಾರೆ' ಅಂತ ಒತ್ತಿಬಿಟ್ಟೆ. ಅಣ್ಣ ಮಲಗಿದಲ್ಲಿಂದಲೇ ಬೈದ. 'ನಾಳೆ ಬಸ್ ಹತ್ತೋಳು ನೀನು, ಯಾರೇ ಇದ್ದಾರೆ ಇಲ್ಲಿ, ಗೋಡೆನಾ?' ಅಂದ. ತಕ್ಷಣ 'ಇಲ್ಲ' ಅಂತ ಬದಲಾಯಿಸಿದೆ."

ಫಾರಮ್ಮ ಪ್ರತಿಯನ್ನು ಹಿಂದಿರುಗಿಸಿದಳು. "ನೋಡಿ ತಿಳಿಸ್ತೀವಿ," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫಾರಂ ತೆರೆದಳು. ಅದರಲ್ಲಿ ಅರ್ಜಿದಾರರ ಕಣ್ಣಿಗೆ ಬೀಳದ ಒಂದು ಪುಟ್ಟ ಚೌಕವಿತ್ತು. ಅರ್ಜಿಗಳನ್ನು ಸರದಿಗೆ ಹಚ್ಚುವಾಗ ಇಲಾಖೆ ನೋಡುವುದು ಅದನ್ನೇ. ಮೊದಲಿಗೆ ಅದರೊಳಗೆ 'ತುರ್ತು' ಎಂದಿರುತ್ತದೆ. 'ಇದ್ದಾರೆ' ಎಂದು ಒತ್ತಿದರೆ ಅವಳ ಸ್ಕ್ರಿಪ್ಟು ಐದು ಪ್ರಶ್ನೆಗಳನ್ನು ಮರೆಮಾಡಿ, ಆ ಚೌಕದಲ್ಲಿ 'ಸಾಮಾನ್ಯ' ಎಂದು ಬರೆಯುತ್ತದೆ. 'ಇಲ್ಲ' ಎಂದು ಬದಲಾಯಿಸಿದರೆ ಐದೂ ಪ್ರಶ್ನೆಗಳು ಮರಳಿ ಬರುತ್ತವೆ.

ಚೌಕದಲ್ಲಿ ಮಾತ್ರ 'ಸಾಮಾನ್ಯ' ಎಂಬುದು ಹಾಗೇ ಉಳಿಯುತ್ತದೆ.

ಹಿಂದಕ್ಕೆ 'ತುರ್ತು' ಎಂದು ಬರೆಯುವ ಸಾಲನ್ನು ಅವಳು ಬರೆದೇ ಇರಲಿಲ್ಲ. ಪರೀಕ್ಷೆ ಮಾಡುವಾಗ ಒಂದು ಹೊಸ ಫಾರಂ ತೆರೆದು 'ಇದ್ದಾರೆ' ಒತ್ತಿ ನೋಡಿದ್ದಳು, ಇನ್ನೊಂದು ಹೊಸ ಫಾರಂ ತೆರೆದು 'ಇಲ್ಲ' ಒತ್ತಿ ನೋಡಿದ್ದಳು. ಎರಡೂ ಸರಿಯಿದ್ದವು. ಒಂದನ್ನು ಒತ್ತಿ, ತಡೆದು, ಮನಸ್ಸು ಬದಲಾಯಿಸುವವರು ಇರುತ್ತಾರೆಂಬುದು ಅವಳಿಗೆ ಹೊಳೆದಿರಲಿಲ್ಲ.

ಆ ಸಾಲನ್ನು ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಆ ಫಾರಂ ಬಂದಾಗಿನಿಂದಿನ ಹತ್ತು ತಿಂಗಳ ಅರ್ಜಿಗಳನ್ನೆಲ್ಲ ತೆಗೆಸಿ, ಮೇಲೆ 'ಇಲ್ಲ' ಎಂದಿದ್ದು ಒಳಗೆ 'ಸಾಮಾನ್ಯ' ಎಂದಿರುವವನ್ನು ಹುಡುಕಿದಳು. ಮೂವತ್ತೊಂದು ಸಿಕ್ಕವು. ಪಟ್ಟಿ ಹಿಡಿದು ನೇರ ಮೇಲ್ವಿಚಾರಕರ ಕೋಣೆಗೆ ಹೋದಳು.

ಅವರು ಕನ್ನಡಕ ಹಣೆಗೇರಿಸಿ ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಅವಳಿಗೆ ಹುಷಾರಿಲ್ಲದಾಗ ಮನೆಯವರೆಗೂ ಬಿಟ್ಟು ಹೋಗಿದ್ದವರು.

"ಸರಿಪಡಿಸಿದ್ರಾ?"

"ಹೂಂ ಸರ್. ಒಂದೇ ಸಾಲು."

"ಹಾಗಿದ್ರೆ ಮುಗೀತು. ಆ ಪಟ್ಟಿ ನನ್ನ ಹತ್ರ ಕೊಡಿ, ಇನ್ನೆಲ್ಲೂ ಬೇಡ. ಆ ಹೆಂಗಸಿಗೆ ಒಂದು ಉತ್ತರ ಬರೀರಿ. ಅರ್ಜಿ ತುಂಬುವಾಗ ಅರ್ಜಿದಾರರ ಕಡೆಯಿಂದ ಆದ ಲೋಪ ಅಂತ."

"ಸರ್, ಅವರು ತಿದ್ದಿದ್ದಾರೆ."

"ಮೊದಲು ತಪ್ಪು ಒತ್ತಿದ್ದು ಅವರೇ ಅಲ್ವಾ? ನಾವೇನೂ ಸುಳ್ಳು ಹೇಳ್ತಿಲ್ಲ. ತಿದ್ದಿದ್ದು ನಿಮಗೆ ಗೊತ್ತು, ನನಗೆ ಗೊತ್ತು. ಸರದಿ ಪಟ್ಟಿಗೆ ಗೊತ್ತಿಲ್ಲ, ಅದರಲ್ಲಿರೋದು 'ಸಾಮಾನ್ಯ' ಅಂತಷ್ಟೇ." ದನಿ ತಗ್ಗಿಸಿದರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ ಕಣಮ್ಮ. ಫಾರಂ ಮಾಡಿದ್ದು ಯಾರು ಅಂತ ಕೇಳಿದ್ರೆ ನಿಮ್ಮ ಹೆಸರು ಬಿಟ್ರೆ ಇನ್ನೊಂದು ಹೆಸರಿಲ್ಲ."

ಅವಳು ಪಟ್ಟಿ ಕೊಟ್ಟಳು. ಆದರೆ ಅದರ ಇನ್ನೊಂದು ಪ್ರತಿ ಅವಳ ಚೀಲದಲ್ಲಿತ್ತು. ಅದನ್ನು ಹಿಡಿದು ಒಂದನೆಯ ಮಹಡಿಯ ಮುಖ್ಯ ನರ್ಸಿನ ಬಳಿ ಹೋದಳು. ಮುಖ್ಯ ನರ್ಸ್ ಕಾರಣ ಕೇಳಲಿಲ್ಲ. ಮೊದಲ ನಾಲ್ಕು ಹೆಸರು ಓದುತ್ತಲೇ ಮುಖ ಗಂಟಿಕ್ಕಿ ಫೋನೆತ್ತಿದಳು. ಆ ಮಧ್ಯಾಹ್ನ ಮತ್ತು ಮಾರನೆಯ ದಿನ ಇಬ್ಬರೂ ಸೇರಿ ಎಲ್ಲರಿಗೂ ಫೋನ್ ಮಾಡಿದರು. ಹನ್ನೆರಡು ಕಡೆ ಮಕ್ಕಳೋ ನೆಂಟರೋ ಹೇಗೋ ಸಂಭಾಳಿಸಿಕೊಂಡಿದ್ದರು. ಹದಿನಾರು ಮನೆಗೆ ಅಂದೇ ನರ್ಸುಗಳು ಓಡಿದರು. ಮೆಕ್ಯಾನಿಕನನ್ನು ಬಿಟ್ಟು ಇನ್ನೂ ಇಬ್ಬರು ತೀರಿಕೊಂಡಿದ್ದರು. ಅವರಲ್ಲೊಬ್ಬರ ಫೋನನ್ನು ಮಗಳು ಎತ್ತಿ, "ಅಯ್ಯೋ, ಈಗ ಬರ್ತೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು.

ಮೇಲ್ವಿಚಾರಕರು ಹೇಳಿದ ಉತ್ತರವನ್ನು ಫಾರಮ್ಮ ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದಳು. ಮನೆಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಅವಳ ಗಂಡ ಸಿಟಿ ಬಸ್ ಡ್ರೈವರು, ಮಾತು ಕಮ್ಮಿ. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವನೇ ಕೇಳಿದ.

"ನಾಲ್ಕು ದಿನದಿಂದ ನಿನ್ನ ತಟ್ಟೆ ನೋಡ್ತಿದ್ದೀನಿ. ಬಡಿಸಿದ್ದು ಬಡಿಸಿದ ಹಾಗೇ ಇರುತ್ತೆ. ಏನಾಯ್ತು?"

ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡ.

"ಹೇಳಿದ್ರೆ ಕೆಲಸ ಹೋಗುತ್ತೆ," ಎಂದ.

"ಹೂಂ."

"ಹೋಗ್ಲಿ ಬಿಡು ಅನ್ನೋಷ್ಟು ಎದೆಗಾರಿಕೆ ನನಗಿಲ್ಲ, ಕಣೇ," ಎಂದ. ಆಮೇಲೆ ತುತ್ತನ್ನು ತಟ್ಟೆಗೆ ಹಾಕಿ, "ಆದ್ರೆ ಆ ಹೆಂಗಸು ಬದುಕಿರೋವರೆಗೂ ತಾನೇ ಅಣ್ಣನ್ನ ಕೊಂದೆ ಅಂತಿರ್ತಾಳೆ, ಅಲ್ವಾ?" ಎಂದ.

ಅವಳು ಎದ್ದು ಕೈ ತೊಳೆದು, ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

ಅಣ್ಣನ ಮನೆ ಖಾಲಿ ಮಾಡಲು ತಂಗಿ ಇನ್ನೂ ಇದೇ ಊರಿನಲ್ಲಿದ್ದಳು. ಫೋನಿನಲ್ಲಿ ಎಲ್ಲವನ್ನೂ ಕೇಳಿದ ಮೇಲೆ ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. "ನಾಳೆ ಬೆಳಿಗ್ಗೆ ಮನೆಗೆ ಬನ್ನಿ," ಎಂದಳು. "ನನಗೆ ಹೇಳಿದ್ರೆ ಸಾಲದು. ದೊಡ್ಡಣ್ಣ ಬರ್ತಿದ್ದಾನೆ. ಅವನೆದುರಿಗೆ ಹೇಳ್ಬೇಕು. ಮಣ್ಣಿನ ದಿನದಿಂದ ಅವನು ನನ್ನ ಮುಖ ನೋಡಿಲ್ಲ. 'ಓದಿದೋಳು ಅಂತ ನಿನ್ನ ಕೈಲಿ ಕೊಟ್ರೆ ಒಂದು ಫಾರಂ ತುಂಬೋಕೆ ಬರಲಿಲ್ಲ' ಅಂದಿದ್ದಾನೆ."

ಭಾನುವಾರ ಫಾರಮ್ಮ ಲ್ಯಾಪ್‌ಟಾಪ್ ಹಿಡಿದು ಹೋದಳು. ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆ. ಪಾತ್ರೆಗಳು ರಟ್ಟಿನ ಡಬ್ಬಗಳಲ್ಲಿ ಕೂತಿದ್ದವು. ಹಾಸಿಗೆ ತೆಗೆದ ಬರೀ ಕಬ್ಬಿಣದ ಮಂಚ ಕಿಟಕಿಯ ಕೆಳಗಿತ್ತು. ಔಷಧಿಯ ವಾಸನೆ ಇನ್ನೂ ಹೋಗಿರಲಿಲ್ಲ. ದೊಡ್ಡಣ್ಣ ಬಡಗಿ, ಭಾರಿ ಆಳು. ಕುರ್ಚಿಯಲ್ಲಿ ಕೂತು, ಬಂದವಳನ್ನು ಒಳಗೆ ಬನ್ನಿ ಎಂದೂ ಕರೆಯದೆ ನೋಡಿದ.

"ನಿಮ್ಮ ತಂಗಿ ಫಾರಂ ಸರಿಯಾಗೇ ತುಂಬಿದ್ದಾರೆ," ಎಂದಳು ಅವಳು ನಿಂತೇ. "ತಪ್ಪು ನನ್ನದು."

ಲ್ಯಾಪ್‌ಟಾಪನ್ನು ಒಂದು ಡಬ್ಬದ ಮೇಲಿಟ್ಟು ಹಳೆಯ ಫಾರಂ ತೆರೆದಳು. ದೊಡ್ಡಣ್ಣ ತೋರುಬೆರಳಿನಿಂದ ತಾನೇ ಒತ್ತಿದ. 'ಇದ್ದಾರೆ'. ಪ್ರಶ್ನೆಗಳು ಮಾಯವಾದವು. 'ಇಲ್ಲ'. ಪ್ರಶ್ನೆಗಳು ಬಂದವು.

"ಸರಿಯಾಗೇ ಇದೆಯಲ್ಲ?"

ಅವಳು ಮರೆಯಲ್ಲಿದ್ದ ಚೌಕವನ್ನು ಕಾಣುವ ಹಾಗೆ ಮಾಡಿದಳು. 'ಸಾಮಾನ್ಯ'. ಅವನು ಮತ್ತೆ ಒತ್ತಿದ. ಮತ್ತೆ ಅದೇ. ಆರೇಳು ಸಲ ಒತ್ತಿದ. ಪ್ರತಿ ಸಲವೂ ಇನ್ನಷ್ಟು ಬಲವಾಗಿ. ಕೊನೆಗೆ ಕೈ ಹಿಂದಕ್ಕೆಳೆದುಕೊಂಡ.

"ಇದು ಯಾರಿಗೂ ಕಾಣ್ತಿರಲಿಲ್ವಾ?"

"ಇಲ್ಲ. ನಾನೇ ಮರೆಮಾಡಿದ್ದೆ."

"ಮತ್ತೆ ಇವಳಿಗೆ ಹೇಗೆ ಗೊತ್ತಾಗ್ಬೇಕಿತ್ತು?"

"ಗೊತ್ತಾಗೋಕೆ ಸಾಧ್ಯಾನೇ ಇರಲಿಲ್ಲ."

ತಂಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ದೊಡ್ಡಣ್ಣ ಅವಳ ಕಡೆ ತಿರುಗಲಾರದೆ ತನ್ನ ಅಂಗೈಗಳನ್ನೇ ನೋಡುತ್ತ ಕೂತ. ಆಮೇಲೆ ತಲೆಯೆತ್ತಿ, "ನಿಮ್ಮನ್ನ ಏನು ಮಾಡ್ಬೇಕು ನಾವು?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳುವವನಂತೆ ಕೇಳಿದ. ಫಾರಮ್ಮ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ತಂದಿದ್ದ ಕಾಗದವನ್ನು ಅವನ ಮುಂದಿಟ್ಟಳು.

ಹೊರಟಾಗ ತಂಗಿ ಬಾಗಿಲವರೆಗೆ ಬಂದಳು.

"ಅಣ್ಣ ಬೈದಾಗ ಗಡಿಬಿಡೀಲಿ ಒತ್ತಿದ್ದೆ. ನಿಧಾನಕ್ಕೆ ಒತ್ತಿದ್ರೆ ಸರಿಹೋಗ್ತಿತ್ತೇನೋ ಅಂತ..."

"ಇಲ್ಲ. ಹೇಗೆ ಒತ್ತಿದ್ರೂ ಹೀಗೇ ಆಗ್ತಿತ್ತು."

ತಂಗಿ ತುಟಿ ಕಚ್ಚಿಕೊಂಡಳು. "ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ," ಎಂದಳು.

"ಗೊತ್ತು," ಎಂದಳು ಅವಳು.

ದೊಡ್ಡಣ್ಣ ಇಲಾಖೆಗೆ ಕೊಟ್ಟ ಆ ಕಾಗದದ ಆಧಾರದ ಮೇಲೆ ವಿಚಾರಣೆ ನಡೆಯಿತು. ಪಟ್ಟಿಯ ಬಗ್ಗೆ ತನಗೆ ಏನೂ ತಿಳಿದಿರಲಿಲ್ಲವೆಂದು ಮೇಲ್ವಿಚಾರಕರು ಬರೆದುಕೊಟ್ಟರು, ಅವರ ಕುರ್ಚಿ ಅವರಿಗೇ ಉಳಿಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಫಾರಮ್ಮನ ಕೆಲಸ ಹೋಯಿತು. ವಿಚಾರಣೆಯ ಕೊನೆಯ ದಿನ ಸಾಕ್ಷಿ ಹೇಳಲು ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಬಂದಿದ್ದರು. ಕಾರಿಡಾರಿನಲ್ಲಿ ತಂಗಿಯ ಚೀಲವನ್ನು ದೊಡ್ಡಣ್ಣನೇ ಹಿಡಿದುಕೊಂಡಿದ್ದ. ನೀರು ಬೇಕಾ, ಕೂತ್ಕೋತೀಯಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಬೆಂಚಿನ ಮೇಲೆ ಕೂತಿದ್ದ ಫಾರಮ್ಮನ ಮುಂದೆಯೇ ಹಾದು, ಅವಳನ್ನು ನೋಡಿ, ಇಬ್ಬರೂ ಒಳಗೆ ಹೋದರು.