ಬಟ್ಟಲಿನ ನೀರು

ಮೂರನೆಯ ಮಗ್ಗುಲಿಗೆ ಜಾಲರಿ ಕೂಡಿಸುವಾಗ ಸೂಜಿ ಮುರಿಯಿತು. ದರ್ಜಿ ಯಂತ್ರ ನಿಲ್ಲಿಸಿ, ಮುರಿದ ತುಂಡನ್ನು ಹುಡುಕಿ ತೆಗೆದು, ಹೊಸ ಸೂಜಿ ಸಿಕ್ಕಿಸಿದ. ಇಪ್ಪತ್ತು ವರ್ಷ ಪ್ಯಾಂಟು, ಲಂಗ, ಶಾಲೆಯ ಸಮವಸ್ತ್ರ ಹೊಲಿದ ಕೈಗೆ ಗೋಸುಂಬೆಯ ಮನೆ ಹೊಸದು.

ಗೋಸುಂಬೆ ಕತ್ತರಿಸುವ ಮೇಜಿನ ಮೇಲೆ, ತೂತು ಕೊರೆದ ಬೂಟಿನ ಪೆಟ್ಟಿಗೆಯಲ್ಲಿತ್ತು. ತಂದವನು ದರ್ಜಿಯ ತಮ್ಮ, ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಂಪೌಂಡರ್. ಚಿಕಿತ್ಸೆಗೆಂದು ಬಿಟ್ಟುಹೋದವರು ತಿಂಗಳಾದರೂ ಅತ್ತ ತಲೆ ಹಾಕಿರಲಿಲ್ಲವಂತೆ.

"ಏ ಕಡ್ಡಿ, ಮುಚ್ಚಳ ತೆಗೀಬೇಡ ಕಣೇ. ಮೊದಲು ಮನೆ ಆಗ್ಲಿ, ಆಮೇಲೆ ಬಾಡಿಗೆದಾರರು," ಎಂದ ತಮ್ಮ.

ದರ್ಜಿಯ ಮಗಳು, ಒಂಬತ್ತು ವರ್ಷದ ಹುಡುಗಿ, ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತಿದ್ದಳು. "ಇದು ನಿಜವಾಗ್ಲೂ ಬಣ್ಣ ಬದಲಾಯಿಸುತ್ತಾ ಚಿಕ್ಕಪ್ಪ?"

"ಬದಲಾಯಿಸುತ್ತೆ. ಆದ್ರೆ ನಮ್ಮ ಡಾಕ್ಟರ್ ಸಾಹೇಬರಷ್ಟು ಬೇಗ ಅಲ್ಲ."

ದರ್ಜಿ ನಕ್ಕ. ನಕ್ಕು, ಮಗಳೂ ನಕ್ಕಳೇ ಎಂದು ಓರೆಗಣ್ಣಲ್ಲಿ ನೋಡಿದ. ನಾಲ್ಕು ತಿಂಗಳಿಂದ ಹೀಗೆ ನೋಡುವುದು ಅವನಿಗೆ ರೂಢಿಯಾಗಿತ್ತು. ತಾಯಿ ಹೋದ ಮೇಲೆ ಅವಳು ಅಪ್ಪ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಬಡಿಸಿದ್ದನ್ನು ಉಣ್ಣುತ್ತಿದ್ದಳು, ತಲೆ ಬಾಚಿಸಿಕೊಳ್ಳುತ್ತಿದ್ದಳು. ಆದರೆ ಅವನ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳುತ್ತಿರಲಿಲ್ಲ. ಎದ್ದು ಹೋಗಿ ತಾನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ. ಅವನಿಗೆ ಗೊತ್ತಿತ್ತು.

"ಗಾಜಿನ ಪೆಟ್ಟಿಗೆ ಬೇಡ ಅಂದಿದ್ದು ಯಾಕೆ ಗೊತ್ತಾ ಅಣ್ಣ? ತನ್ನ ನೆರಳು ತಾನೇ ನೋಡಿ ಇನ್ಯಾರೋ ಬಂದ್ರು ಅಂತ ಹೆದರಿ ಸಾಯುತ್ತೆ. ಗಾಳಿ ಆಡ್ಬೇಕು. ಮೇಲೊಂದು ಬಲ್ಬು, ಹತ್ತೋಕೆ ಕೊಂಬೆ, ಅಡಗೋಕೆ ಸೊಪ್ಪು. ಹಿಡಿಯೋದು, ಮುದ್ದು ಮಾಡೋದು ಏನೂ ಇಲ್ಲ."

ನಾಲ್ಕು ಮರದ ಪಟ್ಟಿಗಳಿಗೆ ದಿಂಬಿನ ಚೀಲದ ಹಾಗೆ ಜಾಲರಿ ಕೂತಿತು. ಯಾವುದೋ ಜಾಕೆಟ್ಟಿನಿಂದ ಬಿಚ್ಚಿಟ್ಟ ಜಿಪ್ಪು ಬಾಗಿಲಾಯಿತು. ಕಿಟಕಿಯ ಬಳಿಯಿದ್ದ ಬಳ್ಳಿಯ ಕುಂಡ ಒಳಗೆ ಹೋಯಿತು. ಹುಡುಗಿ ಅಡುಗೆಮನೆಯಿಂದ ಸ್ಟೀಲಿನ ಬಟ್ಟಲೊಂದನ್ನು ತಂದು, ತುಂಬ ನೀರು ಹಾಕಿ, ತುಳುಕದಂತೆ ಒಳಗಿಟ್ಟಳು.

ಚಿಕ್ಕಪ್ಪ ಪೆಟ್ಟಿಗೆ ಬಗ್ಗಿಸಿದ. ಗೋಸುಂಬೆ ಒಂದು ಕಾಲು ಮುಂದಿಟ್ಟು, ಇಡಲೋ ಬೇಡವೋ ಎಂಬಂತೆ ತೂಗಿ, ಕೊನೆಗೆ ಕೊಂಬೆ ಹಿಡಿಯಿತು. ಒಂದು ಕಣ್ಣು ಬಲ್ಬಿನ ಕಡೆ, ಇನ್ನೊಂದು ಹುಡುಗಿಯ ಕಡೆ.

"ಏನು ಹೆಸರಿಡ್ತೀಯ?" ಎಂದ ಚಿಕ್ಕಪ್ಪ, ಚಪ್ಪಲಿ ಮೆಟ್ಟುತ್ತ.

"ಮೊದಲು ನೀರು ಕುಡೀಲಿ."

ಅದು ಕುಡಿಯಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಹುಡುಗಿ ಬಟ್ಟಲಿನ ಅಂಚಿಗೆ ದರ್ಜಿಯ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ನೀರು ಗೆರೆ ಬಿಟ್ಟು ಇಳಿದಿರಲಿಲ್ಲ. ಮೂರನೆಯ ದಿನ ಶಾಲೆಯಿಂದ ಬಂದವಳು ಚೀಲ ಇಳಿಸದೆ ಜಾಲರಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗೋಸುಂಬೆಯ ಕಣ್ಣುಗುಡ್ಡೆಗಳು ಒಳಕ್ಕೆ ಇಳಿದಿದ್ದವು. ಹಸಿರು ಹೋಗಿ ಮೈಯೆಲ್ಲ ಸುಟ್ಟ ಕಟ್ಟಿಗೆಯ ಬಣ್ಣ.

ದರ್ಜಿ ಕಾಲರ್ ತಿರುವಿ ಹಾಕುತ್ತಿದ್ದ. ಜಿಪ್ಪು ಎಳೆದ ಸದ್ದಿಗೆ ತಲೆ ಎತ್ತಿದರೆ, ಮಗಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಗೋಸುಂಬೆಯ ಬಾಯಿಗೆ ಒತ್ತುತ್ತಿದ್ದಳು. ಅದು ಮೈ ಉಬ್ಬಿಸಿ, ಬಾಯಿ ಅಗಲಿಸಿ ಬುಸುಗುಟ್ಟಿತು.

"ಬೇಡ! ಬಾಯಿಗೆ ಹಾಕ್ಬೇಡ!"

ಕೂಗಿದ್ದೂ ಅವನೇ, ಬೆಚ್ಚಿಬಿದ್ದದ್ದೂ ಅವನೇ. ಹುಡುಗಿ ನಿಧಾನವಾಗಿ ಬಟ್ಟಲು ಕೆಳಗಿಟ್ಟಳು.

"ಅವತ್ತೂ ಹೀಗೇ ಅಂದೆ," ಎಂದಳು. "ಅಮ್ಮ ನೀರು ನನ್ನ ಹತ್ರ ಕೇಳಿದ್ಳು. ನಿನ್ನ ಹತ್ರ ಅಲ್ಲ."

ಹೊಟ್ಟೆಯ ಆಪರೇಷನ್ ಆದ ಮೇಲೆ ಇನ್ನೇನೂ ಮಾಡುವಂತಿಲ್ಲವೆಂದು ಆಸ್ಪತ್ರೆಯವರು ಹೆಂಡತಿಯನ್ನು ಮನೆಗೆ ಕಳಿಸಿದ್ದರು. ಬಾಯಿಗೆ ಒಂದು ಹನಿಯೂ ಹಾಕಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತದೆ ಎಂದಿದ್ದರು. ಅವನು ಮಗಳ ಕೈಯಿಂದ ಲೋಟ ಕಿತ್ತುಕೊಂಡಿದ್ದ. ಮಣ್ಣು ಮಾಡಿ ಬಂದ ಮೇಲೆ, ಮನೆಗೆ ಬರುತ್ತಿದ್ದ ನರ್ಸಮ್ಮ ಮಾತಿಗೆ ಮಾತು ಬಂದು ಹೇಳಿದ್ದಳು: ಒದ್ದೆ ಹತ್ತಿಯಿಂದ ತುಟಿ ಒರೆಸಬಹುದಿತ್ತು, ಅಷ್ಟಕ್ಕೇನೂ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಕೋಟಿನ ಭುಜಕ್ಕೆ ತುಂಬಲೆಂದು ಒಂದು ಮೂಟೆ ಹತ್ತಿ ಇತ್ತು. ಆ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ.

ತಮ್ಮನಿಗೆ ಫೋನು ಮಾಡಿದ.

"ಅಯ್ಯೋ, ಬಟ್ಟಲಲ್ಲಿ ಇಟ್ಟಿದ್ದೀರಾ?" ಎಂದ ತಮ್ಮ. "ನಾನೇ ಹೇಳೋದು ಮರೆತೆ ನೋಡು. ನಿಂತ ನೀರು ಅದರ ಕಣ್ಣಿಗೆ ನೀರೇ ಅಲ್ಲ ಅಣ್ಣ. ಪಕ್ಕದಲ್ಲೇ ಇಟ್ಕೊಂಡು ಒಣಗಿ ಹೋಗುತ್ತೆ. ಎಲೆ ಮೇಲೆ ಹನಿ ಬಿದ್ದು ಹೊಳೀಬೇಕು, ಆವಾಗ ನೆಕ್ಕುತ್ತೆ. ನಾವಿಲ್ಲಿ ಸಲೈನ್ ಸೆಟ್ ಕಟ್ಟಿ ಹನಿ ಬಿಡ್ತೀವಿ. ಮನೇಲಿ..." ಅವನು ಅಲ್ಲಿಗೇ ನಿಲ್ಲಿಸಿದ. "ಬೇಡ ಬಿಡು, ಸಂಜೆ ನಾನೇ ಒಂದು ತರ್ತೀನಿ."

"ಇದೆ," ಎಂದ ದರ್ಜಿ.

ಗುಂಡಿಗಳ ಖಾನೆಯ ತಳದಲ್ಲಿ, ಒಡೆಯದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸೆಟ್ ಉಳಿದಿತ್ತು. ನರ್ಸಮ್ಮ ಎರಡು ತಂದಿದ್ದಳು, ಸೋಮವಾರಕ್ಕೊಂದು, ಮಂಗಳವಾರಕ್ಕೊಂದು. ಮಂಗಳವಾರದ್ದು ಬೇಕಾಗಲಿಲ್ಲ.

ಅವನು ಹಲ್ಲಿನಿಂದ ಚೀಲ ಹರಿದ. ನೀರಿನ ಬಾಟಲಿಯ ಮುಚ್ಚಳಕ್ಕೆ ಕತ್ತರಿಯ ತುದಿಯಿಂದ ತೂತು ಮಾಡಿ ನಳಿಕೆ ಚುಚ್ಚಿದ. ಬಟ್ಟೆ ತೂಗುಹಾಕುವ ಸ್ಟ್ಯಾಂಡನ್ನು ಎಳೆದು ತಂದ. ಅದರ ತುದಿಯಲ್ಲಿ ಅಂದು ಅವನೇ ಬಗ್ಗಿಸಿದ ತಂತಿಯ ಕೊಕ್ಕೆ ಇನ್ನೂ ಹಾಗೇ ಇತ್ತು. ಗಿರಾಕಿಗಳ ಕೋಟುಗಳು ಅದನ್ನು ಮರೆಮಾಡಿದ್ದವು. ಬಾಟಲಿಯನ್ನು ತಲೆಕೆಳಗಾಗಿ ಅದಕ್ಕೆ ತೂಗಿದ. ಬೆರಳಿನಿಂದ ತಟ್ಟಿ ನಳಿಕೆಯ ಗಾಳಿ ಬಿಡಿಸಿ, ತುದಿಯನ್ನು ಜಿಪ್ಪಿನ ಸಂದಿಯಿಂದ ಬಳ್ಳಿಯ ಮೇಲಕ್ಕೆ ಇಳಿಬಿಟ್ಟ. ಹೆಬ್ಬೆರಳು ತಾನಾಗಿಯೇ ಹನಿಯ ವೇಗ ಹಿಡಿಯುವ ಪುಟ್ಟ ಗಾಲಿಯನ್ನು ಸರಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು.

ಹುಡುಗಿ ಅವನ ಕೈಯನ್ನೇ ನೋಡುತ್ತಿದ್ದಳು.

ಮೊದಲ ಹನಿ ಎಲೆಯ ಮೇಲೆ ಬಿದ್ದು, ಉರುಳಿ, ತುದಿಯಲ್ಲಿ ತೂಗಿತು. ಗೋಸುಂಬೆ ಕದಲಲಿಲ್ಲ. ಹನಿಗಳು ಬೀಳುತ್ತಲೇ ಇದ್ದವು. ಯಾರೋ ಅಂಗಡಿಯ ಬಾಗಿಲು ತಟ್ಟಿ, ಕರೆದು, ಗೊಣಗುತ್ತ ಹೋದರು. ತುಂಬ ಹೊತ್ತಿನ ಮೇಲೆ ಒಂದು ಕಣ್ಣು ಹೊರಳಿತು. ಆಮೇಲೆ ಇನ್ನೊಂದು. ಗೋಸುಂಬೆ ಕತ್ತು ಚಾಚಿ ಎಲೆಯ ತುದಿಗೆ ಬಾಯಿ ತಂದಿತು. ಗಂಟಲು ಒಮ್ಮೆ ಅಲುಗಿತು.

"ಅಮ್ಮನಿಗೂ ಹೀಗೇನಾ ಬಿಡ್ತಿದ್ದೆ?"

"ಹೂಂ. ಕೈಯೊಳಗೆ."

"ಬಾಯಿ ಒಣಗಿತ್ತು ಅವಳಿಗೆ."

ಇಲ್ಲ ಎನ್ನಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ, ನಿದ್ದೆಯಲ್ಲಿದ್ದಳು ಎಂದು ಎಲ್ಲರಿಗೂ ಹೇಳಿದ್ದನ್ನೇ ಇವಳಿಗೂ ಹೇಳಬಹುದಿತ್ತು.

"ಒಣಗಿತ್ತು," ಎಂದ ದರ್ಜಿ. "ಹತ್ತಿ ಒದ್ದೆ ಮಾಡಿ ತುಟಿಗೆ ಇಡಬಹುದಿತ್ತಂತೆ. ನಂಗೆ ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು."

ಹುಡುಗಿ ಹತ್ತಿಯ ಮೂಟೆಯ ಕಡೆ ಒಮ್ಮೆ ನೋಡಿದಳು. ಬೆನ್ನಿನ ಚೀಲ ಇಳಿಸಿ ಗೋಡೆಗೆ ಒರಗಿಸಿದಳು. ಬೇಡವಾದ ಬಟ್ಟಲನ್ನು ತೆಗೆಯಲು ಅವನು ಕೈ ಹಾಕಿದಾಗ, "ಅದು ಇರ್ಲಿ" ಎಂದು ತಾನೇ ಅದನ್ನು ಎಲೆಯ ಕೆಳಕ್ಕೆ ಸರಿಸಿದಳು. ಗೋಸುಂಬೆ ಕುಡಿಯದೆ ಬಿಟ್ಟ ಹನಿ ಅದರೊಳಗೆ ಬಿತ್ತು.

"ಬೇಗ ಬೇಗ ಬೀಳ್ತಿದೆ ಅಪ್ಪ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಅದಕ್ಕೆ ನುಂಗೋಕೆ ಆಗ್ತಿಲ್ಲ."

ಅವನು ಹೆಬ್ಬೆರಳಿನಿಂದ ಗಾಲಿಯನ್ನು ಒಂದು ಕೂದಲೆಳೆಯಷ್ಟು ಸರಿಸಿದ.

"ಇನ್ನೂ ನಿಧಾನ."

ಇನ್ನೊಂದು ಎಳೆ ಸರಿಸಿದ. ನಳಿಕೆಯ ತುದಿಯಲ್ಲಿ ಹನಿ ಮೂಡಿ, ತುಂಬಿಕೊಂಡು, ಬೀಳದೆ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು.